ಪರರ ಬಟ್ಟೆ, ನಮ್ಮ ಹೊಣೆ: ಬಟ್ಟೆ ಅಲಂಕರಣದ ಕಿರು ಉದ್ಯಮಕ್ಕೆ ವಿಮೆಯ ರಕ್ಷಣೆ

ರಕ್ತದೊತ್ತಡ, ಮಧುಮೇಹಗಳನ್ನು ಕುರಿತು ವೈದ್ಯಮಿತ್ರರು ಬರೆದ ಲೇಖನಗಳ ನಡುವೆ ಬ್ಯಾಂಕಿನ ಅಧಿಕಾರಿಯೊಬ್ಬನ ವಿಮೆಯ ಲೇಖನಕ್ಕೇನು ಕೆಲಸವೆಂದು ವಾಚಕರಿಗೆ ಅನಿಸಬಹುದು. ಆದರೆ ದುಡಿಮೆಯ ನೆಲೆ ಒಂದೇ ರಾತ್ರಿಯಲ್ಲಿ ಕುಸಿದುಬಿದ್ದ ಮನೆಯಲ್ಲಿ ಯಾವ ಔಷಧವೂ ನಾಟುವುದಿಲ್ಲವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದುದರಿಂದ ಈ ಕೆಲವು ಮಾತುಗಳು.

ಮುಂಬಯಿಯ ಕನ್ನಡಿಗರೆಂದೊಡನೆ ಹೋಟೆಲು, ಬ್ಯಾಂಕು, ಕಚೇರಿಗಳು ನೆನಪಿಗೆ ಬರುತ್ತವೆ. ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟಿಂಗ್, ಯಂತ್ರದ ಕಸೂತಿ, ಆರಿ ಮತ್ತು ಟಿಕ್ಕಿಯ ಕೆಲಸ, ಟೀ ಶರ್ಟುಗಳ ಮೇಲೆ ಶಾಖದಿಂದ ಚಿತ್ರವೊತ್ತುವುದು ಇತ್ಯಾದಿ ಕಸುಬುಗಳಲ್ಲಿ ನಿರತರಾಗಿರುವ ನಮ್ಮ ಬಾಂಧವರೂ ಇದ್ದಾರೆ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಅನಂತರ ಈ ನಗರದ ದೊಡ್ಡ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ನೇಯ್ಗೆಯು ಭಿವಂಡಿಯ ವಿದ್ಯುತ್ ಮಗ್ಗಗಳತ್ತ ಸರಿಯಿತು. ಬಟ್ಟೆಯನ್ನು ಸಿಂಗರಿಸುವ ಕೆಲಸವು ಸಾಕಿನಾಕಾ, ಕುರ್ಲಾ, ಧಾರಾವಿ, ಉಲ್ಲಾಸನಗರಗಳ ಗಾಲಾಗಳಲ್ಲಿ ಬೆಳೆಯಿತು. ಹತ್ತು ಮೇಜು, ಎಂಟು ಕೆಲಸಗಾರರು, ಒಂದು ಅಟ್ಟ: ಇಂತಹ ಉದ್ಯಮಕ್ಕೆ ಬಂಡವಾಳ ಕಡಿಮೆ, ಅಪಾಯ ಮಾತ್ರ ಬಂಡವಾಳವನ್ನು ಮೀರಿದ್ದು.

ಒಂದು ರಾತ್ರಿಯ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ದಕ್ಷಿಣ ಕನ್ನಡದಿಂದ ಬಾಲ್ಯದಲ್ಲಿಯೇ ಬಂದು, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ, ಕಡೆಗೆ ಅಂಧೇರಿ ಪೂರ್ವದಲ್ಲಿ ಸ್ವಂತ ಸ್ಕ್ರೀನ್ ಪ್ರಿಂಟಿಂಗ್ ಗಾಲಾ ನಡೆಸುತ್ತಿದ್ದ ಹಿರಿಯರೊಬ್ಬರು ನಮ್ಮ ಶಾಖೆಯ ಸಾಲಗಾರರಾಗಿದ್ದರು. ಕಂತನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಒಂದು ರಾತ್ರಿ ಅವರ ಗಾಲಾಕ್ಕೆ ಬೆಂಕಿ ತಗುಲಿತು. ದೈವಕೃಪೆಯಿಂದ ಜೀವಹಾನಿಯಾಗಲಿಲ್ಲ, ಒಳಗಿದ್ದ ವಸ್ತುವೊಂದೂ ಉಳಿಯಲಿಲ್ಲ.

ವಿಮೆ ಇದ್ದಿತು. ಯಂತ್ರಗಳಿಗೆ 8 ಲಕ್ಷ, ಸರಕಿಗೆ 6 ಲಕ್ಷ ರೂಪಾಯಿ. ಆದರೆ ಆ ರಾತ್ರಿ ಮೇಜುಗಳ ಮೇಲೂ ಅಟ್ಟದ ಮೇಲೂ ಇದ್ದ ಬಟ್ಟೆಯ ಬಹುಪಾಲು ಅವರದಾಗಿರಲಿಲ್ಲ. ಮೂವರು ವ್ಯಾಪಾರಿಗಳು ಮುದ್ರಣಕ್ಕೆಂದು ಕಳುಹಿಸಿದ್ದ ಸುಮಾರು 17 ಲಕ್ಷ ರೂಪಾಯಿ ಬೆಲೆಯ ಸಿದ್ಧ ಉಡುಪುಗಳು ಅವು. ಪಾಲಿಸಿಯಲ್ಲಿ ಅವುಗಳ ಉಲ್ಲೇಖವೇ ಇರಲಿಲ್ಲ. ವಿಮಾ ಕಂಪನಿಯು ಯಂತ್ರ ಮತ್ತು ಸ್ವಂತ ಸರಕಿನ ಬಾಬ್ತು ಹಣ ಕೊಟ್ಟಿತು. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದ ಕಾರಣ ಆ ಹಣ ಮೊದಲು ಸಾಲಕ್ಕೆ ಜಮೆಯಾಯಿತು. ವ್ಯಾಪಾರಿಗಳ ಬಾಕಿ ಹಾಗೆಯೇ ನಿಂತಿತು.

“ಸಾರ್, ನನ್ನದು ಹೋಯಿತೆಂದು ನನಗೆ ದುಃಖವಿಲ್ಲ. ನಂಬಿ ಕೊಟ್ಟವರದು ಹೋಯಿತಲ್ಲ!” ಎಂದು ಅವರು ನನ್ನೆದುರು ಕುಳಿತು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಪಾಲಿಸಿಯ ಪ್ರತಿ ನನ್ನ ಕಪಾಟಿನ ಕಡತದಲ್ಲಿಯೇ ಇದ್ದಿತು. ಅದರ ಅವಧಿ ಮುಗಿಯುವ ದಿನಾಂಕವನ್ನೂ ಬ್ಯಾಂಕಿನ ಹೆಸರನ್ನೂ ನಾನು ಪರಿಶೀಲಿಸಿದ್ದೆ, ಉಳಿದುದನ್ನು ಓದಿರಲಿಲ್ಲ. ಅವರೂ ಓದಿರಲಿಲ್ಲ. ಊರಿನ ಅಡಕೆ ತೋಟದಲ್ಲಿ ತಮ್ಮ ಪಾಲನ್ನು ಮಾರಿ ಅವರು ಆ ಋಣವನ್ನು ತೀರಿಸಿದರು.

ತಪ್ಪು ಎಲ್ಲಿಯದು?

ಈ ತಪ್ಪಿನ ಬೇರು ನಮ್ಮ ವ್ಯವಹಾರದ ಪದ್ಧತಿಯಲ್ಲಿಯೇ ಇದೆ. ದುಡಿಯುವ ಬಂಡವಾಳಕ್ಕೆ ಸಾಲ ಪಡೆದವನು ಪ್ರತಿ ತಿಂಗಳೂ ಬ್ಯಾಂಕಿಗೆ ದಾಸ್ತಾನಿನ ಪಟ್ಟಿಯನ್ನು ಒಪ್ಪಿಸುತ್ತಾನೆ. ಪರರ ಸರಕಿನ ಮೇಲೆ ಬ್ಯಾಂಕು ಸಾಲ ಕೊಡುವಂತಿಲ್ಲ. ಆದುದರಿಂದ ಆ ಪಟ್ಟಿಯಲ್ಲಿ ಜಾಬ್ ವರ್ಕಿಗೆ ಬಂದ ಬಟ್ಟೆಯನ್ನು ಸೇರಿಸದಿರುವುದೇ ಸರಿ. ಆದರೆ ವಿಮೆ ಮಾಡಿಸುವಾಗಲೂ ಅದೇ ಪಟ್ಟಿಯನ್ನು ಮುಂದಿಟ್ಟುಕೊಂಡರೆ, ಸಾಲದ ಲೆಕ್ಕಕ್ಕೆ ಸರಿಯಾದುದು ರಕ್ಷಣೆಯ ಲೆಕ್ಕಕ್ಕೆ ಮಾರಕವಾಗುತ್ತದೆ. ಬ್ಯಾಂಕು ಕೇಳುವುದು ತನ್ನ ಸಾಲಕ್ಕೆ ಸಾಕಾಗುವಷ್ಟು ವಿಮೆಯನ್ನು. ಉದ್ಯಮಿಗೆ ಬೇಕಾಗಿರುವುದು ತನ್ನ ಸಮಸ್ತ ಹೊಣೆಗೆ ಸಾಕಾಗುವಷ್ಟು ವಿಮೆ. ಹಾಗೆಯೇ, ಅಡಮಾನವಿಲ್ಲದ ಸಾಲಗಳಿಗೆ ಸರ್ಕಾರದ ನಿಧಿಯಿಂದ ದೊರೆಯುವ ಸಾಲ ಖಾತರಿಯು ಬ್ಯಾಂಕನ್ನು ರಕ್ಷಿಸುವ ವ್ಯವಸ್ಥೆ; ಅದರಿಂದ ಸಾಲಗಾರನ ಋಣ ತೀರುವುದಿಲ್ಲ.

ಕಾನೂನು ಈ ಸಂಬಂಧವಾಗಿ ಏನೆನ್ನುತ್ತದೆ? ಕೆಲಸಕ್ಕೆಂದು ಒಪ್ಪಿಸಿದ ಪರರ ವಸ್ತುವನ್ನು ಕುರಿತು 1872ರ ಭಾರತೀಯ ಕರಾರು ಕಾಯಿದೆಯಲ್ಲಿ 148ನೆಯ ಕಲಮಿನಿಂದ ಮೊದಲಾಗುವ ನಿಯಮಗಳಿವೆ. ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವಿನ ವಿಷಯದಲ್ಲಿ ಎಷ್ಟು ಎಚ್ಚರ ವಹಿಸುವನೋ ಅಷ್ಟು ಎಚ್ಚರವನ್ನು ವಹಿಸಬೇಕೆಂದು 151ನೆಯ ಕಲಮು ವಿಧಿಸುತ್ತದೆ. ಬೇರೆ ವಿಶೇಷ ಕರಾರಿಲ್ಲದ ಪಕ್ಷದಲ್ಲಿ, ಅಷ್ಟು ಎಚ್ಚರ ವಹಿಸಿದವನು ನಷ್ಟಕ್ಕೆ ಹೊಣೆಯಲ್ಲವೆಂದು 152ನೆಯ ಕಲಮು ಹೇಳುತ್ತದೆ. ಇದನ್ನೋದಿ ನೆಮ್ಮದಿಯಿಂದ ಕೂರುವಂತಿಲ್ಲ. ಸುಟ್ಟ ತಂತಿ, ತೆರೆದಿಟ್ಟ ಥಿನ್ನರ್ ಡಬ್ಬಗಳ ನಡುವೆ ನಿಂತು “ನಾನು ಎಚ್ಚರ ವಹಿಸಿದ್ದೆ” ಎಂದು ಸಾಧಿಸುವುದು ಸುಲಭವಲ್ಲ. ವ್ಯಾಪಾರದಲ್ಲಿ ಮುಂದೆಯೂ ಉಳಿಯಬೇಕಾದವನು ತನ್ನ ಗಿರಾಕಿಯನ್ನು ನ್ಯಾಯಾಲಯದಲ್ಲಿ ಎದುರಿಸಲೂ ಆರನು.

ಬೆಂಕಿ ವಿಮೆಯ ಒಳಗೂ ಹೊರಗೂ

2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಕಿರು ಉದ್ಯಮಗಳಿಗೆಂದೇ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಜಾರಿಯಲ್ಲಿದೆ. ಒಂದು ಸ್ಥಳದಲ್ಲಿರುವ ಕಟ್ಟಡ, ಯಂತ್ರ, ಸರಕು ಮುಂತಾದವುಗಳ ಒಟ್ಟು ಮೌಲ್ಯ 5 ಕೋಟಿ ರೂಪಾಯಿಗಳವರೆಗೆ ಇದ್ದರೆ ಇದು ಅನ್ವಯಿಸುತ್ತದೆ. ಅದನ್ನು ಮೀರಿ 50 ಕೋಟಿಯವರೆಗಿನ ಉದ್ಯಮಗಳಿಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’ ಇದೆ. ಬೆಂಕಿ, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಗಲಭೆ ಮೊದಲಾದ ಆಪತ್ತುಗಳು ಇದರಲ್ಲಿ ಅಡಕವಾಗಿವೆ.

ಪ್ರವಾಹವೂ ಸೇರಿರುವುದು ಈ ನಗರದವರಿಗೆ ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳ ಅವಧಿಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ ಪ್ರದೇಶಗಳು ಮುಳುಗಿದವು. ಆ ಕಾಲದ ಬೆಂಕಿ ಪಾಲಿಸಿಗಳಲ್ಲಿ ಪ್ರವಾಹದ ವಿಭಾಗವನ್ನು ಕೈಬಿಟ್ಟು ವಿಮಾಶುಲ್ಕವನ್ನು ತುಸು ಉಳಿಸಿಕೊಳ್ಳುವ ಅವಕಾಶವಿದ್ದಿತು. ಮಳೆಯ ನೀರು ಇಳಿದ ಬಳಿಕವೇ ಅಂತಹ ಉಳಿತಾಯದ ನಿಜವಾದ ಬೆಲೆ ತಿಳಿಯುವುದು.

ಆದರೆ ಪಾಲಿಸಿ ಇದೆಯೆಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವಲ್ಲ. ಬಟ್ಟೆ ಅಲಂಕರಣದವರು ಮುಖ್ಯವಾಗಿ ಗಮನಿಸಬೇಕಾದ ಅಂಶಗಳು ಇವು:

ಮೊದಲನೆಯದಾಗಿ, ಪರರ ಸರಕು. ಹಿಂದಿನ ಸಾಮಾನ್ಯ ಬೆಂಕಿ ಪಾಲಿಸಿಯಲ್ಲಿ, ನಂಬಿಕೆಯ ಮೇಲೆ ಇರಿಸಿಕೊಂಡ ಪರರ ಸರಕು ಸ್ಪಷ್ಟವಾಗಿ ನಮೂದಾಗಿರದಿದ್ದರೆ ಅದಕ್ಕೆ ರಕ್ಷಣೆಯಿಲ್ಲವೆಂಬ ಷರತ್ತಿದ್ದಿತು. ಪಾಲಿಸಿಯ ಹೆಸರು ಯಾವುದಾದರೂ ಆಗಿರಲಿ, ಸರಕಿನ ವಿವರಣೆಯಲ್ಲಿ ‘ಸ್ವಂತ ಸರಕು ಹಾಗೂ ಕೆಲಸಕ್ಕಾಗಿ ಬಂದ, ವಿಮೆದಾರನು ಹೊಣೆಯಾಗಿರುವ ಪರರ ಸರಕು’ ಎಂಬ ಅರ್ಥದ ಮಾತನ್ನು ಬರೆಸಿಕೊಳ್ಳಲೇಬೇಕು. ಅದರ ಮೌಲ್ಯವನ್ನೂ ವಿಮಾಮೊತ್ತಕ್ಕೆ ಸೇರಿಸಬೇಕು.

ಎರಡನೆಯದಾಗಿ, ಶಾಖದ ಕೆಲಸ. ಕಾಯಿಸುವ ಅಥವಾ ಒಣಗಿಸುವ ಕ್ರಿಯೆಗೆ ಒಳಪಟ್ಟ ವಸ್ತುವಿಗೆ ಆ ಕ್ರಿಯೆಯಿಂದಲೇ ಆದ ಹಾನಿಯನ್ನು ಬೆಂಕಿ ವಿಮೆ ಭರಿಸುವುದಿಲ್ಲ. ಹೀಟ್ ಪ್ರೆಸ್ಸಿನಲ್ಲಿ ಕಮರಿದ ಟೀ ಶರ್ಟು ನಿಮ್ಮ ನಷ್ಟವೇ. ಅಲ್ಲಿಂದ ಬೆಂಕಿ ಹಬ್ಬಿ ಪಕ್ಕದ ಗಂಟುಗಳು ಸುಟ್ಟರೆ ಅವುಗಳಿಗೆ ರಕ್ಷಣೆಯುಂಟು.

ಮೂರನೆಯದಾಗಿ, ವಿದ್ಯುತ್ ದೋಷ. ಶಾರ್ಟ್ ಸರ್ಕ್ಯೂಟಿನಿಂದ ಸುಟ್ಟ ಯಂತ್ರಕ್ಕೇ ಆದ ಹಾನಿ ಸಾಮಾನ್ಯವಾಗಿ ಬೆಂಕಿ ವಿಮೆಯ ಹೊರಗುಳಿಯುತ್ತದೆ. ಕಂಪ್ಯೂಟರ್ ನಿಯಂತ್ರಿತ ಕಸೂತಿ ಯಂತ್ರದಂತಹ ದುಬಾರಿ ಉಪಕರಣಗಳಿಗೆ ಯಂತ್ರ ಕೆಡುವಿಕೆಯ ಪ್ರತ್ಯೇಕ ವಿಮೆಯನ್ನು ವಿಚಾರಿಸಬೇಕು.

ನಾಲ್ಕನೆಯದಾಗಿ, ಸ್ಥಳ. ರಕ್ಷಣೆ ಮುಖ್ಯವಾಗಿ ಪಾಲಿಸಿಯಲ್ಲಿ ಬರೆದ ವಿಳಾಸಕ್ಕೆ. ಗಾಲಾ ಬದಲಾದರೆ, ಟಿಕ್ಕಿಯ ಕೆಲಸಕ್ಕೆಂದು ಬಟ್ಟೆಯನ್ನು ಬೇರೆ ಚಾಳಿನ ಮನೆಗಳಿಗೆ ಕಳುಹಿಸಿದರೆ ಅದನ್ನು ಕಂಪನಿಗೆ ಬರೆದು ತಿಳಿಸಬೇಕು. ಟೆಂಪೋದಲ್ಲಿ ಸಾಗುವಾಗಿನ ಅಪಾಯಕ್ಕೆ ಸಾಗಣೆ ವಿಮೆಯೇ ಬೇರೆ. ಕಟ್ಟಡವು 30 ದಿನಗಳಿಗಿಂತ ಹೆಚ್ಚು ಕಾಲ ಬರಿದಾಗಿ ಬಿದ್ದಿದ್ದರೆ ರಕ್ಷಣೆ ನಿಲ್ಲುವುದೆಂಬ ಷರತ್ತು ಬೆಂಕಿ ವಿಮೆಯಲ್ಲಿ ಹಿಂದಿನಿಂದ ಬಂದದ್ದು. ಮೇ ತಿಂಗಳಲ್ಲಿ ಬಾಗಿಲೆಳೆದು ಊರಿಗೆ ಹೊರಡುವ ನಮ್ಮವರು ಆ ಷರತ್ತನ್ನು ತಮ್ಮ ಪಾಲಿಸಿಯಲ್ಲಿ ಹುಡುಕಿ ಓದಿಕೊಂಡು ಹೊರಡುವುದು ಲೇಸು.

ಐದನೆಯದಾಗಿ, ಕಳ್ಳತನ. ಬೀಗ ಒಡೆದು ನುಗ್ಗಿದ ಕಳ್ಳತನಕ್ಕೆ ಪ್ರತ್ಯೇಕ ವಿಮೆ ಬೇಕು. ಬಲಪ್ರಯೋಗದ ಗುರುತಿಲ್ಲದೆ ಸರಕು ಮೆಲ್ಲನೆ ಮಾಯವಾದರೆ ಆ ವಿಮೆಯೂ ಒದಗದು.

ಅರೆವಿಮೆಯ ಲೆಕ್ಕ

ವಾಣಿಜ್ಯ ವಿದ್ಯಾರ್ಥಿಯಾಗಿದ್ದಾಗ ಓದಿದ ‘ಸರಾಸರಿ ಷರತ್ತು’ ಎಷ್ಟು ಕಠೋರವೆಂಬುದು ನನಗೆ ಬ್ಯಾಂಕಿಗೆ ಬಂದ ಮೇಲೆ ಅರಿವಾಯಿತು. ಗಾಲಾದಲ್ಲಿರುವ ಸರಕಿನ ನಿಜವಾದ ಬೆಲೆ 30 ಲಕ್ಷ ಎಂದಿಟ್ಟುಕೊಳ್ಳೋಣ. ಶುಲ್ಕ ಉಳಿಸಲು 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಲಾಗಿದೆ. 9 ಲಕ್ಷದ ಸರಕು ಸುಟ್ಟಿತು. “ವಿಮೆ 20 ಲಕ್ಷಕ್ಕಿದೆ, 9 ಲಕ್ಷ ಪೂರ್ತಿ ಬರುತ್ತದೆ” ಎಂದು ಹೆಚ್ಚಿನವರು ಭಾವಿಸುತ್ತಾರೆ. ಬರುವುದು 6 ಲಕ್ಷ ಮಾತ್ರ. ಮೂರನೆಯ ಒಂದು ಪಾಲಿನ ಅಪಾಯವನ್ನು ನೀವೇ ಹೊತ್ತಿರುವಿರೆಂದು ಕಂಪನಿ ಲೆಕ್ಕ ಹಾಕುತ್ತದೆ. ‘ಸೂಕ್ಷ್ಮ ಉದ್ಯಮ ಸುರಕ್ಷಾ’ದಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಮನ್ನಿಸುವ ಅನುಕೂಲವಿದೆ. ಇದೇ ಉದಾಹರಣೆಯಲ್ಲಿ 26 ಲಕ್ಷಕ್ಕೆ ವಿಮೆಯಿದ್ದಿದ್ದರೆ ಸರಾಸರಿಯ ಕಡಿತವಿಲ್ಲದೆ ಹಣ ದೊರೆಯುತ್ತಿತ್ತು. ಗಣೇಶ ಚತುರ್ಥಿ, ದೀಪಾವಳಿಗಳ ಮುನ್ನ ಗಾಲಾ ತುಂಬಿ ತುಳುಕುವಾಗಿನ ಮೌಲ್ಯವನ್ನೇ ಆಧಾರವಾಗಿಟ್ಟುಕೊಂಡು ಮೊತ್ತವನ್ನು ನಿಗದಿಮಾಡಬೇಕು.

ವಿಮೆ ನಿಲುಕದ ಅಪಾಯಗಳು

ಬಣ್ಣ ಬಿಟ್ಟುಕೊಂಡಿತು, ಅಚ್ಚು ಓರೆಯಾಯಿತು, ಬಟ್ಟೆ ಕುಗ್ಗಿತು: ಕೆಲಸದ ಇಂತಹ ದೋಷಗಳು ಬೆಂಕಿ ವಿಮೆಗೆ ಸಂಬಂಧಿಸಿದವಲ್ಲ. ಇವಕ್ಕೆ ರಕ್ಷೆ ಒಂದು ಹಾಳೆಯ ಕರಾರು. ಮಾದರಿಯೊಂದನ್ನು ಮುದ್ರಿಸಿ ಗಿರಾಕಿಯ ಸಹಿ ಪಡೆದ ಬಳಿಕವೇ ಪೂರ್ಣ ಕೆಲಸ ಆರಂಭಿಸಬೇಕು. ನೂರಕ್ಕೆ ಎಷ್ಟು ಕೆಡುವಿಕೆ ಒಪ್ಪಿತ, ಅದನ್ನು ಮೀರಿದರೆ ಹೊಣೆ ಎಷ್ಟರವರೆಗೆ, ಬೆಂಕಿ ಪ್ರವಾಹಗಳಿಗೆ ಸರಕಿನ ವಿಮೆ ಮಾಡಿಸುವವರು ಯಾರು ಎಂಬ ಮೂರು ವಿಷಯಗಳನ್ನು ಬರೆದಿಡಬೇಕು. ಪ್ರತಿಯೊಂದು ಗಂಟಿನೊಡನೆಯೂ ಬೆಲೆ ನಮೂದಿಸಿದ ಚಲನ್ ಬರಬೇಕು. ನಾಳೆ ಪರರ ಸರಕು ಎಷ್ಟಿತ್ತೆಂಬುದಕ್ಕೆ ಅದೇ ಸಾಕ್ಷಿ.

ಬಾಕಿ ವಸೂಲಿಯೂ ಒಂದು ಅಪಾಯವೇ. ಒಬ್ಬನೇ ಶೇಠನನ್ನು ನಂಬಿದ ಗಾಲಾಗಳು ಅವನೊಡನೆ ಮುಳುಗುತ್ತವೆ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಕಿರು ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಕರಾರಿನಲ್ಲಿ ಏನೇ ಇದ್ದರೂ 45 ದಿನಗಳೊಳಗೆ ಪಾವತಿ ಮಾಡಬೇಕು. ಉದ್ಯಮ್ ನೋಂದಣಿ ಮಾಡಿಸಿಕೊಂಡವರು ಈ ಹಕ್ಕನ್ನು ಬಿಲ್ಲಿನಲ್ಲಿಯೇ ಅಚ್ಚುಹಾಕಿಸಬಹುದು.

ದುಡಿಯುವ ಕೈಗಳು

ಸರಕು ಸುಟ್ಟರೆ ಹಣದಿಂದ ತುಂಬಿಸಬಹುದು. 2017ರ ಡಿಸೆಂಬರಿನಲ್ಲಿ ಸಾಕಿನಾಕಾದ ಖೈರಾನಿ ರಸ್ತೆಯ ಫರಸಾಣ್ ಅಂಗಡಿಗೆ ನಸುಕಿನಲ್ಲಿ ಬೆಂಕಿ ಬಿದ್ದಾಗ 12 ಮಂದಿ ಕೆಲಸಗಾರರು ಮೃತರಾದರು. ಅವರು ಮಲಗುತ್ತಿದ್ದುದು ದುಡಿಯುತ್ತಿದ್ದ ಸ್ಥಳದಲ್ಲಿಯೇ. 2025ರ ಮೇ 18ರಂದು ಸೊಲ್ಲಾಪುರದ ಟವೆಲ್ ಕಾರ್ಖಾನೆಯೊಂದರ ಬೆಂಕಿಗೆ ಮಾಲೀಕರ ಕುಟುಂಬದವರೂ ಸೇರಿ 8 ಮಂದಿ ಬಲಿಯಾದರು. ಅಲ್ಲಿಯೂ ವಾಸ ಮತ್ತು ಕಾರ್ಖಾನೆ ಒಂದೇ ಕಟ್ಟಡದಲ್ಲಿದ್ದವು. ಗಾಲಾದ ಅಟ್ಟದಲ್ಲಿ ಹುಡುಗರನ್ನು ಮಲಗಿಸುವ ರೂಢಿಯನ್ನು ನಾವು ಕೈಬಿಡಲೇಬೇಕು.

ಮುದ್ರಣದವರ ಆರೋಗ್ಯದ ಒಂದು ವಿಷಯವನ್ನೂ ಇಲ್ಲಿ ಸೂಚಿಸಬೇಕಾಗಿದೆ. ಸ್ಕ್ರೀನ್ ತಯಾರಿಕೆಯಲ್ಲಿ ಹಲವರು ಈಗಲೂ ಬಳಸುವ ಕಿತ್ತಳೆ ಬಣ್ಣದ ಡೈಕ್ರೋಮೇಟ್ ಲವಣವು ಚರ್ಮದಲ್ಲಿ ವ್ರಣಗಳನ್ನೂ ಅಲರ್ಜಿಯನ್ನೂ ಉಂಟುಮಾಡುತ್ತದೆ. ಅದರ ಧೂಳನ್ನು ದೀರ್ಘಕಾಲ ಉಸಿರಾಡುವುದು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲುದು. ರಿಯಾಕ್ಟಿವ್ ಬಣ್ಣಗಳ ಪುಡಿಯಿಂದ ಆಸ್ತಮಾ ಬರಬಹುದು. ಡೈಕ್ರೋಮೇಟ್ ಇಲ್ಲದ ಎಮಲ್ಷನ್, ರಬ್ಬರ್ ಕೈಚೀಲ, ಗಾಳಿ ಹೊರದೂಡುವ ಫ್ಯಾನು ಇವುಗಳ ಖರ್ಚು ಒಂದು ದಿನದ ಆಸ್ಪತ್ರೆಯ ಬಿಲ್ಲಿಗಿಂತ ಕಡಿಮೆ.

ಕೆಲಸದ ವೇಳೆಯ ಅಪಘಾತಕ್ಕೆ ಮಾಲೀಕನೇ ಪರಿಹಾರ ಕೊಡಬೇಕೆಂಬ ತತ್ತ್ವವು 1923ರ ಕಾಯಿದೆಯಿಂದ ಈ ದೇಶದಲ್ಲಿ ನೆಲೆಯೂರಿ, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿಯಿದ್ದಲ್ಲಿ ಇ.ಎಸ್.ಐ. ಯೋಜನೆಯನ್ನು ವಿಚಾರಿಸಬೇಕು, ಕಡಿಮೆಯಿದ್ದಲ್ಲಿ ನೌಕರರ ಪರಿಹಾರದ ಪಾಲಿಸಿಯನ್ನು ಪಡೆಯಬೇಕು. ಇದಲ್ಲದೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ದೊರೆಯುತ್ತದೆ. ಇದರಿಂದ ಮಾಲೀಕನ ಹೊಣೆ ತಪ್ಪುವುದಿಲ್ಲವಾದರೂ, ಪ್ರತಿಯೊಬ್ಬ ಕೆಲಸಗಾರನಿಗೂ ಇದನ್ನು ಮಾಡಿಸಿಕೊಡುವುದು ಎರಡು ಕಪ್ ಚಹಾದ ಖರ್ಚಿನ ಧರ್ಮ.

ಮನೆ ಮತ್ತು ಗಾಲಾ

ಒಬ್ಬನೇ ಮಾಲೀಕನಾಗಿರುವ ಉದ್ಯಮದಲ್ಲಿ ಕಾನೂನಿನ ದೃಷ್ಟಿಗೆ ವ್ಯಾಪಾರವೂ ಮನುಷ್ಯನೂ ಒಂದೇ. ಗಾಲಾದ ಸಾಲಕ್ಕೆ ಅವನ ಹೆಸರಿನ ಮನೆಯೂ ಊರಿನ ಗದ್ದೆಯೂ ಹೊಣೆಯಾಗುತ್ತವೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ 6ನೆಯ ಕಲಮಿನ ಪ್ರಕಾರ, ಗಂಡನು ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹಿತಕ್ಕೆಂದು ಘೋಷಿಸಿ ಪಡೆದ ಪಾಲಿಸಿಯು ಅವರಿಗಾಗಿ ಇರುವ ನ್ಯಾಸವಾಗುತ್ತದೆ; ಸಾಲಗಾರರನ್ನು ವಂಚಿಸುವ ಉದ್ದೇಶದಿಂದ ಮಾಡಿಸಿದ್ದಲ್ಲದಿದ್ದರೆ, ಸಾಲ ಕೊಟ್ಟವರು ಅದರ ಮೇಲೆ ಕೈಹಾಕಲಾರರು. ಪಾಲಿಸಿ ಪಡೆಯುವಾಗಲೇ ಒಂದು ಅರ್ಜಿಗೆ ಸಹಿ ಹಾಕಿದರಾಯಿತು. ಇಷ್ಟು ಸುಲಭದ ರಕ್ಷೆಯನ್ನು ನಮ್ಮಲ್ಲಿ ಎಷ್ಟು ಮಂದಿ ಪಡೆದಿದ್ದಾರೆ?

ಆಪತ್ತು ಬಂದಾಗ

ಅಗ್ನಿಶಾಮಕ ದಳ ಮತ್ತು ಪೊಲೀಸರಿಗೆ ತಿಳಿಸಿದ ದಿನವೇ ವಿಮಾ ಕಂಪನಿಗೂ ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಸರ್ವೇಯರು ನೋಡುವ ಮುನ್ನ ಸುಟ್ಟ ಅಥವಾ ನೆನೆದ ಸರಕನ್ನು ವಿಲೇವಾರಿ ಮಾಡಬಾರದು, ಛಾಯಾಚಿತ್ರಗಳನ್ನು ತೆಗೆದಿಡಬೇಕು. ಪಾಲಿಸಿ, ಚಲನ್, ಖರೀದಿ ಬಿಲ್ಲುಗಳ ಪ್ರತಿಗಳು ಮನೆಯಲ್ಲಿಯೂ ಇರಬೇಕು. ಗಾಲಾದೊಡನೆ ಕಾಗದಗಳೂ ಸುಟ್ಟುಹೋದರೆ ನಷ್ಟವನ್ನು ರುಜುವಾತುಪಡಿಸುವುದು ಕಷ್ಟ. ವಿಮಾಶುಲ್ಕ ಸಂದಾಯವಾಗದೆ ರಕ್ಷಣೆ ಆರಂಭವಾಗದೆಂಬುದು 1938ರ ವಿಮಾ ಕಾಯಿದೆಯ ನಿಯಮ; ಆದುದರಿಂದ ನವೀಕರಣದ ದಿನವನ್ನು ಬ್ಯಾಂಕಿನ ನೆನಪಿಗೆ ಬಿಡದೆ ತಾವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಕಂಪನಿಯು ಕ್ಲೇಮನ್ನು ತಿರಸ್ಕರಿಸಿದರೆ ಅದರ ಕುಂದುಕೊರತೆ ವಿಭಾಗಕ್ಕೆ ಬರೆದು, ಅಲ್ಲಿಯೂ ನ್ಯಾಯ ಸಿಗದಿದ್ದಲ್ಲಿ ಏಕಮಾಲೀಕ ಹಾಗೂ ಕಿರು ಉದ್ಯಮದವರು ಶುಲ್ಕವಿಲ್ಲದೆ, ವಕೀಲರ ನೆರವಿಲ್ಲದೆ ವಿಮಾ ಓಂಬುಡ್ಸ್‌ಮನ್‌ರಲ್ಲಿ ದೂರು ಸಲ್ಲಿಸಬಹುದು.

ಬಾವಿ ತೋಡುವ ಕಾಲ

ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆ ನಮ್ಮ ಹಿರಿಯರದು. ಅದರಂತೆ ನಡೆದವರೂ ಅವರೇ. 1925ರಲ್ಲಿ ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದಾಗ ಅವರಿಗೆ ನೆರವಾಗಲೆಂದು ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯಿಂದಲೂ ಉಳಿತಾಯ ಮಾಡಬಹುದಾಗಿತ್ತು. ದಿನದ ಗಳಿಕೆಯಲ್ಲಿ ಒಂದು ಚಿಟಿಕೆಯನ್ನು ನಾಳಿನ ಕಷ್ಟಕ್ಕೆ ತೆಗೆದಿಡುವ ಆ ಬುದ್ಧಿಗೆ ವಿಮೆ ಮತ್ತೊಂದು ಹೆಸರು.

ರಾತ್ರಿ ಮುಖ್ಯ ಸ್ವಿಚ್ ಆರಿಸುವುದು, ಥಿನ್ನರನ್ನು ಮುಚ್ಚಿದ ಲೋಹದ ಡಬ್ಬದಲ್ಲಿ ಆ ದಿನಕ್ಕೆ ಬೇಕಾಗುವಷ್ಟು ಮಾತ್ರ ಒಳಗಿಡುವುದು, ಗಂಟುಗಳನ್ನು ನೆಲದಿಂದ ಎತ್ತರದ ಹಲಗೆಗಳ ಮೇಲೆ ಜೋಡಿಸುವುದು, ಬೆಂಕಿ ಆರಿಸುವ ಸಿಲಿಂಡರನ್ನು ಬಾಗಿಲ ಬಳಿಯೇ ತೂಗುಹಾಕುವುದು: ಇವುಗಳಿಗೆ ಯಾವ ಕಂಪನಿಯ ಒಪ್ಪಿಗೆಯೂ ಬೇಕಾಗಿಲ್ಲ.

ಆ ಹಿರಿಯರು ಈಗ ಮತ್ತೊಂದು ಚಿಕ್ಕ ಗಾಲಾ ಹಿಡಿದಿದ್ದಾರೆ. ಪ್ರತಿ ವರ್ಷ ನವೀಕರಣಕ್ಕೆ ಮುನ್ನ ಪಾಲಿಸಿಯನ್ನು ಹಿಡಿದು ನನ್ನಲ್ಲಿಗೆ ಬರುತ್ತಾರೆ. ಇಬ್ಬರೂ ಕನ್ನಡಕ ಏರಿಸಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತೇವೆ. ‘ಪರರ ಸರಕು’ ಎಂಬ ಮಾತು ಬಂದಾಗ ಅವರು ಅದರ ಕೆಳಗೆ ಬೆರಳಿಟ್ಟು ನನ್ನ ಮುಖವನ್ನು ನೋಡುತ್ತಾರೆ. ಅರ್ಧ ಗಂಟೆಯ ಕೆಲಸ. ಅಂದು ನಾವಿಬ್ಬರೂ ಈ ಅರ್ಧ ಗಂಟೆಯನ್ನು ವ್ಯಯಿಸಿದ್ದರೆ ಊರಿನ ತೋಟ ಉಳಿಯುತ್ತಿತ್ತು. ಈ ಸಂಚಿಕೆಯನ್ನು ಓದಿ ಮಡಚಿಡುವ ಮುನ್ನ ವಾಚಕ ಬಾಂಧವರು ತಮ್ಮ ಕಪಾಟಿನಲ್ಲಿರುವ ಪಾಲಿಸಿಯನ್ನು ಒಮ್ಮೆ ಹೊರತೆಗೆದು ಓದಬೇಕೆಂದು ನನ್ನ ವಿನಮ್ರ ಪ್ರಾರ್ಥನೆ.